ಅಮೆರಿಕದಿಂದ ಇಂಗ್ಲೆಂಡಿಗೆ ಸಂಸಾರ ಸಮೇತ: ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಆಗಸ್ಟ್‌ನಲ್ಲಿ ನಾವು ನಾಲ್ವರು ನ್ಯೂಜೆರ್ಸಿಯ ಎಡಿಸನ್‌ನಿಂದ ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಬಂದು ನೆಲೆಸಿದೆವು. ನನ್ನ ಪತಿ ಮತ್ತು ಇಬ್ಬರು ಮಕ್ಕಳು ಅಮೆರಿಕದ ಪ್ರಜೆಗಳು; ನಾನು ಮೈಸೂರಿನವಳು, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಗ್ರೀನ್ ಕಾರ್ಡ್ ಮೇಲೆ ಅಮೆರಿಕದಲ್ಲಿದ್ದೆ. ಬರುವಾಗ ಮಗಳಿಗೆ 11 ವರ್ಷ, ಮಗನಿಗೆ 6. ಅಂದಿನಿಂದ ಇಂದಿನವರೆಗೆ, ಇದೇ ದಾರಿ ಹಿಡಿಯಬೇಕೆಂದಿರುವ ಕನ್ನಡ ಕುಟುಂಬಗಳು ನಮ್ಮನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಶುಲ್ಕ ಮತ್ತು ನಿಯಮಗಳು ವರ್ಷವರ್ಷವೂ ಬದಲಾಗುವುದರಿಂದ ಹಣ ಕಟ್ಟುವ ಮುನ್ನ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಎರಡೂ ಇಂಗ್ಲಿಷ್ ಮಾತಾಡುವ ದೇಶಗಳು. ಹೊಂದಿಕೊಳ್ಳುವುದರಲ್ಲಿ ಅಂಥ ಕಷ್ಟವೇನಿದೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ, ನಾವು ತಪ್ಪು ಲೆಕ್ಕ ಹಾಕಿದ್ದೂ ಇಲ್ಲಿಯೇ. ಕರ್ನಾಟಕದಲ್ಲಿ ಬೆಳೆದವರಿಗೆ ಇಂಗ್ಲೆಂಡ್ ಅರ್ಧ ಪರಿಚಿತವಾಗಿಯೇ ಕಾಣುತ್ತದೆ. ಗ್ರೌಂಡ್ ಫ್ಲೋರ್, ಲಿಫ್ಟ್, ಪೆಟ್ರೋಲ್, ಟಾರ್ಚ್, ಕ್ಯೂ ಇವೆಲ್ಲ ನಾವು ಶಾಲೆಯಲ್ಲಿ ಕಲಿತು, ಅಮೆರಿಕಕ್ಕೆ ಹೋದ ಮೇಲೆ ಬಿಟ್ಟ ಪದಗಳು. ತಾರೀಖು ಬರೆಯುವಾಗ ದಿನ ಮೊದಲು ಬರುತ್ತದೆ, ವಾಹನಗಳು ಎಡಗಡೆ ಚಲಿಸುತ್ತವೆ. ಆದರೆ ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ ಇದರಲ್ಲಿ ಯಾವುದೂ ತಮ್ಮದಲ್ಲ. ಭಾಷೆ ಒಂದೇ ಎಂಬ ಕಾರಣಕ್ಕೆ ಶಾಲೆಯವರಾಗಲಿ ನೆರೆಹೊರೆಯವರಾಗಲಿ ಅವರನ್ನು ಹೊಸಬರೆಂದು ಪರಿಗಣಿಸುವುದಿಲ್ಲ. ಹೊಸಬರಿಗೆ ತೋರುವ ರಿಯಾಯಿತಿಯೂ ಅವರಿಗೆ ಸಿಗುವುದಿಲ್ಲ. ನಮ್ಮ ಮಗ ಎರಡನೇ ವಾರದಲ್ಲಿ ಮಳೆಯಲ್ಲಿ ನೆನೆದು ತರಗತಿಗೆ ಹೋಗಿ, ತನ್ನ ಪ್ಯಾಂಟ್ ಒದ್ದೆಯಾಗಿದೆ ಎಂದು ಎಲ್ಲರೆದುರು ಹೇಳಿದ. ಇಲ್ಲಿ ಪ್ಯಾಂಟ್ಸ್ ಎಂದರೆ ಒಳ ಉಡುಪು, ಉದ್ದನೆಯದು ಟ್ರೌಸರ್ಸ್. ಮಕ್ಕಳು ನಕ್ಕರು. ನಮ್ಮೂರಿನಲ್ಲೂ ಪ್ಯಾಂಟ್ ಎಂದರೆ ಪ್ಯಾಂಟೇ ಆದ್ದರಿಂದ ನಾನೂ ಅವನಿಗೆ ಮೊದಲೇ ಹೇಳಿಕೊಟ್ಟಿರಲಿಲ್ಲ. ಅವನು ಆ ಸಂಜೆ ಊಟ ಮಾಡಲಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ಮನೆ, ಕೆಲಸ, ತೆರಿಗೆ ಎಲ್ಲವನ್ನೂ ಯೋಜಿಸುವಾಗ ಮಕ್ಕಳನ್ನು ನಡುವೆ ಇಟ್ಟುಕೊಂಡು ಯೋಜಿಸಿ, ದೊಡ್ಡವರು ಹೇಗೋ ಹೊಂದಿಕೊಳ್ಳುತ್ತೇವೆ.

ಯಾವ ವೀಸಾ ಬೇಕು, ಒಟ್ಟು ಎಷ್ಟು ಖರ್ಚಾಗುತ್ತದೆ?

ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರದು ಸ್ಕಿಲ್ಡ್ ವರ್ಕರ್ ವೀಸಾ. ಅದಕ್ಕೆ ಪರವಾನಗಿ ಪಡೆದ ಉದ್ಯೋಗದಾತರ ಪ್ರಾಯೋಜಕ ಪತ್ರ ಬೇಕು. 2025ರ ಜುಲೈ 22ರಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಸಂಗಾತಿ ಮತ್ತು 18 ವರ್ಷದೊಳಗಿನ ಮಕ್ಕಳು ಸಾಮಾನ್ಯವಾಗಿ ಅವಲಂಬಿತರಾಗಿ ಬರಬಹುದು ಮತ್ತು ಸಂಗಾತಿಯು ಬಹುತೇಕ ಯಾವುದೇ ಕೆಲಸ ಮಾಡಬಹುದು. ಅಮೆರಿಕದಲ್ಲಿ ಎಚ್-4 ಎಂಬ ಅವಲಂಬಿತರ ವೀಸಾ ಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತಿದ್ದ ನನ್ನಂಥವರಿಗೆ ಇದು ಸಣ್ಣ ಮಾತಲ್ಲ.

ಖರ್ಚಿನಲ್ಲಿ ದೊಡ್ಡ ಪಾಲು, ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಬಳಸಲು ಕಟ್ಟುವ ಆರೋಗ್ಯ ಸರ್‌ಚಾರ್ಜ್‌ನದು. ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ವೀಸಾ ಅವಧಿಯಷ್ಟೂ ವರ್ಷಗಳದ್ದನ್ನು ಅರ್ಜಿಯ ಜೊತೆಗೇ ಕಟ್ಟಬೇಕು. ನಾಲ್ವರ ಕುಟುಂಬ ಐದು ವರ್ಷಕ್ಕೆ ಬರುವುದಾದರೆ ಇದೊಂದೇ 18,110 ಪೌಂಡ್ ಆಗುತ್ತದೆ. ಕೆಲಸದ ಷರತ್ತುಗಳನ್ನು ಮಾತಾಡುವಾಗಲೇ ಈ ಮೊತ್ತವನ್ನು ಕಂಪನಿ ಭರಿಸುತ್ತದೆಯೇ, ಕುಟುಂಬದವರದ್ದೂ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕಾಯಂ ವಾಸದ ಹಕ್ಕಿಗೆ ಐದು ವರ್ಷ ಸಾಕು ಎಂಬುದು ನಾವು ಬಂದಾಗಿನ ನಿಯಮ. 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಸರ್ಕಾರ ಅದನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿದೆ. ಐದು ವರ್ಷದ ಲೆಕ್ಕವನ್ನೇ ನೆಚ್ಚಿಕೊಂಡು ಹೊರಡಬೇಡಿ.

ಇಬ್ಬರಲ್ಲಿ ಒಬ್ಬರದು ಗ್ರೀನ್ ಕಾರ್ಡ್ ಆಗಿದ್ದರೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗೆ ಉಳಿದರೆ ಬರೀ ಗ್ರೀನ್ ಕಾರ್ಡ್ ಹಿಡಿದು ಮರಳುವಂತಿಲ್ಲ. ಹೊರಡುವ ಮುನ್ನ, ಅಮೆರಿಕದ ನೆಲದಲ್ಲಿ ಇರುವಾಗಲೇ, ಮರುಪ್ರವೇಶದ ಪರವಾನಗಿಗೆ ಐ-131 ಅರ್ಜಿ ಹಾಕಬೇಕು. ಅದು ಹೆಚ್ಚೆಂದರೆ ಎರಡು ವರ್ಷದ್ದು. ನಾನು ಅದನ್ನು ಪಡೆದು ಬಂದಿದ್ದೆ. ಅವಧಿ ಮುಗಿಯುವ ಹೊತ್ತಿಗೆ ಇಲ್ಲಿಯೇ ಉಳಿಯುವುದು ಖಚಿತವಾದ್ದರಿಂದ ಐ-407 ಮೂಲಕ ಕಾರ್ಡನ್ನು ಒಪ್ಪಿಸಿದೆ. ಪತಿ ಪ್ರಜೆಯಾಗಿರುವುದರಿಂದ ಮುಂದೆ ಹಿಂತಿರುಗುವುದಾದರೆ ಹೊಸದಾಗಿ ಅರ್ಜಿ ಹಾಕಬಹುದೆಂಬ ಧೈರ್ಯ ನನಗಿತ್ತು. ಹಿಂದಿನ 15 ವರ್ಷಗಳಲ್ಲಿ 8 ತೆರಿಗೆ ವರ್ಷ ಗ್ರೀನ್ ಕಾರ್ಡ್ ಹೊಂದಿದ್ದವರು ಅದನ್ನು ಒಪ್ಪಿಸಿದರೆ ನಿರ್ಗಮನ ತೆರಿಗೆಯ ನಿಯಮಗಳ ವ್ಯಾಪ್ತಿಗೆ ಬರಬಹುದು. ಅಂಥವರು ತೆರಿಗೆ ತಜ್ಞರನ್ನು ಕಾಣದೆ ಸಹಿ ಹಾಕಬಾರದು. ಪೌರತ್ವಕ್ಕೆ ಅರ್ಹರಾಗಿದ್ದೂ ಭಾರತದ ಪಾಸ್‌ಪೋರ್ಟ್ ಬಿಡಲಾಗದೆ ಕುಳಿತಿರುವವರು ಈ ನಿರ್ಧಾರವನ್ನು ವಿಮಾನ ಹತ್ತುವ ಮೊದಲೇ ಮಾಡಿದರೆ ಒಳ್ಳೆಯದು.

ಮನೆ ಸಾಮಾನಿನಲ್ಲಿ ಏನು ತರಬೇಕು, ಏನು ಬಿಡಬೇಕು?

ಬಿಸಿಯಾಗುವುದು, ತಿರುಗುವುದು ಯಾವುದನ್ನೂ ತರಬೇಡಿ. ಅಮೆರಿಕದ ವಿದ್ಯುತ್ 120 ವೋಲ್ಟ್, 60 ಹರ್ಟ್ಜ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಜ್. ಫೋನ್ ಮತ್ತು ಲ್ಯಾಪ್‌ಟಾಪ್ ಚಾರ್ಜರ್‌ಗಳು ಎರಡರಲ್ಲೂ ನಡೆಯುತ್ತವೆ, ರೈಸ್ ಕುಕ್ಕರ್ ಮತ್ತು ಮಿಕ್ಸಿ ನಡೆಯುವುದಿಲ್ಲ. ಎಡಿಸನ್‌ನಲ್ಲಿದ್ದ ನಮ್ಮ 110 ವೋಲ್ಟ್‌ನ ಮಿಕ್ಸಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದೆ. ಆದರೆ ಭಾರತದ ವಿದ್ಯುತ್ತೂ 230 ವೋಲ್ಟ್, 50 ಹರ್ಟ್ಜ್ ಆಗಿರುವುದರಿಂದ, ಹನ್ನೆರಡು ವರ್ಷ ಅಮೆರಿಕದಲ್ಲಿ ಬಳಸಲಾಗದೆ ಇದ್ದ ಅಮ್ಮನ ಮನೆಯ ಮಿಕ್ಸಿ ಇಲ್ಲಿ ಮೊದಲ ದಿನವೇ ತಿರುಗಿತು. ದುಂಡು ಕಡ್ಡಿಗಳ ಪ್ಲಗ್ ತೆಗೆಸಿ ಇಲ್ಲಿಯ ಚೌಕ ಕಡ್ಡಿಗಳದ್ದನ್ನು ಹಾಕಿಸಬೇಕಾಯಿತು. ಇಲ್ಲಿಯ ಪ್ರತಿ ಪ್ಲಗ್‌ನ ಹೊಟ್ಟೆಯಲ್ಲೂ ಒಂದಂಗುಲದ ಫ್ಯೂಸ್ ಇರುತ್ತದೆ. ಎಲೆಕ್ಟ್ರಿಷಿಯನ್ ನಮ್ಮದಕ್ಕೆ 5 ಆಂಪಿಯರ್‌ನದನ್ನು ಕೂರಿಸಿಕೊಟ್ಟರು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬರುವ ಯೋಚನೆಯಿದ್ದರೆ ಮಿಕ್ಸಿ, ಗ್ರೈಂಡರ್‌ಗಳನ್ನು ಅಲ್ಲಿಂದಲೇ ತನ್ನಿ.

ಹಡಗಿನಲ್ಲಿ ಬರುವ ಸಾಮಾನಿಗೆ ಸುಂಕದ ವಿನಾಯಿತಿ ಇದೆ. ಕಳೆದ ಹನ್ನೆರಡು ತಿಂಗಳು ನೀವು ಬ್ರಿಟನ್ನಿನ ಹೊರಗೆ ವಾಸವಾಗಿದ್ದು, ವಸ್ತುಗಳು ಕನಿಷ್ಠ ಆರು ತಿಂಗಳಿಂದ ನಿಮ್ಮ ಬಳಕೆಯಲ್ಲಿದ್ದರೆ ಮೊದಲೇ ಅರ್ಜಿ ಹಾಕಿ ವಿನಾಯಿತಿ ಸಂಖ್ಯೆ ಪಡೆಯಬಹುದು. ನಮ್ಮ ಸಾಮಾನು ಒಂಬತ್ತು ವಾರ ತಡವಾಗಿ ಬಂತು. ಮಕ್ಕಳಿಗೆ ಬೇಕಾದ ಪುಸ್ತಕ, ಗೊಂಬೆಗಳನ್ನು ಕೈಚೀಲದಲ್ಲೇ ತನ್ನಿ.

ಬಾಡಿಗೆ ಮನೆ ಸಿಗುವುದು ಕಷ್ಟವೇ?

ಕಷ್ಟ, ಏಕೆಂದರೆ ಅಮೆರಿಕದಲ್ಲಿ ಎಷ್ಟೇ ಒಳ್ಳೆಯ ಕ್ರೆಡಿಟ್ ಸ್ಕೋರ್ ಇದ್ದರೂ ಅದು ಸಮುದ್ರ ದಾಟುವುದಿಲ್ಲ. ನಮ್ಮನ್ನು ಒಬ್ಬ ಏಜೆಂಟರು ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಮುಂಗಡವಾಗಿ ಕೇಳಿದ್ದರು, ಕೊಟ್ಟೆವು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಪ್ರಕಾರ 2026ರ ಮೇ 1ರಿಂದ ಮಾಲೀಕರು ಒಂದು ತಿಂಗಳಿಗಿಂತ ಹೆಚ್ಚಿನದನ್ನು ಹಾಗೆ ಕೇಳುವಂತಿಲ್ಲ. ಠೇವಣಿಯೂ ಸಾಮಾನ್ಯವಾಗಿ ಐದು ವಾರದ ಬಾಡಿಗೆ ಮೀರಬಾರದು, ಅದನ್ನು 30 ದಿನದೊಳಗೆ ಮಾನ್ಯತೆ ಪಡೆದ ಠೇವಣಿ ಯೋಜನೆಯೊಂದರಲ್ಲಿ ನೋಂದಾಯಿಸಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮರಳಿ ಪಡೆಯಲು ಒದ್ದಾಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಬಾಡಿಗೆಯಲ್ಲದೆ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ಆಡಳಿತದ ಮನೆ ತೆರಿಗೆ ಬೇರೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಅದರ ದರ್ಜೆಗಳು ಇಂದಿಗೂ 1991ರ ಏಪ್ರಿಲ್‌ನ ಮನೆ ಬೆಲೆಗಳ ಮೇಲೆಯೇ ನಿಂತಿವೆ.

ಮಕ್ಕಳನ್ನು ಶಾಲೆಗೆ ಸೇರಿಸುವುದು ಹೇಗೆ? ಯಾವ ತರಗತಿಗೆ ಹಾಕುತ್ತಾರೆ?

ತರಗತಿ ನಿರ್ಧಾರವಾಗುವುದು ಆಗಸ್ಟ್ 31ಕ್ಕೆ ಮಗುವಿನ ವಯಸ್ಸೆಷ್ಟು ಎಂಬುದರ ಮೇಲೆ, ಹಿಂದೆ ಏನು ಓದಿತ್ತು ಎಂಬುದರ ಮೇಲಲ್ಲ. ನಾಲ್ಕು ತುಂಬಿದ ಮೇಲಿನ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್, ಐದಕ್ಕೆ ಇಯರ್ 1. ಅಮೆರಿಕದ ಗ್ರೇಡ್‌ಗೆ ಒಂದು ಕೂಡಿಸಿದರೆ ಇಲ್ಲಿಯ ಇಯರ್ ಸಿಗುತ್ತದೆ. ಒಂದನೇ ಗ್ರೇಡ್‌ಗೆ ಹೋಗಬೇಕಿದ್ದ ನಮ್ಮ ಮಗ ಇಯರ್ 2ಕ್ಕೂ, ಆರನೆಯದಕ್ಕೆ ಹೋಗಬೇಕಿದ್ದ ಮಗಳು ಇಯರ್ 7ಕ್ಕೂ ಸೇರಿದರು. ಮಗ ಓದಿನಲ್ಲಿ ಒಂದು ವರ್ಷ ಹಿಂದಿದ್ದಾನೆಂದು ಶಿಕ್ಷಕಿ ಮೊದಲ ತಿಂಗಳಲ್ಲಿ ಹೇಳಿದಾಗ ಗಾಬರಿಯಾಗಿತ್ತು. ಇಲ್ಲಿಯ ಮಕ್ಕಳು ನಾಲ್ಕು ವರ್ಷಕ್ಕೇ ಅಕ್ಷರದ ಧ್ವನಿಗಳನ್ನು ಕಲಿಯತೊಡಗುತ್ತಾರೆ ಎಂಬುದು ಅದರ ಕಾರಣ. ವರ್ಷ ಮುಗಿಯುವುದರೊಳಗೆ ಸರಿಹೋಯಿತು.

ಸರ್ಕಾರಿ ಶಾಲೆಯ ಅರ್ಜಿ ಹೋಗುವುದು ಸ್ಥಳೀಯ ಕೌನ್ಸಿಲ್ ಮೂಲಕ. ಸೆಪ್ಟೆಂಬರ್ ಪ್ರವೇಶಕ್ಕೆ ಸೆಕೆಂಡರಿ ಶಾಲೆಯ (ಇಯರ್ 7) ಅರ್ಜಿಯ ಕೊನೆಯ ದಿನ ಹಿಂದಿನ ವರ್ಷದ ಅಕ್ಟೋಬರ್ 31, ಪ್ರೈಮರಿಗೆ ಜನವರಿ 15. ಈ ದಿನಾಂಕ ದಾಟಿ ಬಂದವರಿಗೆ ಉಳಿದ ಜಾಗಗಳಷ್ಟೇ. ರೆಡಿಂಗ್‌ನಲ್ಲಿ ಪ್ರವೇಶ ಪರೀಕ್ಷೆಯ ಮೇಲೆ ಮಕ್ಕಳನ್ನು ಆಯ್ದುಕೊಳ್ಳುವ ರೆಡಿಂಗ್ ಸ್ಕೂಲ್, ಕೆಂಡ್ರಿಕ್ ಎಂಬ ಎರಡು ಸರ್ಕಾರಿ ಗ್ರಾಮರ್ ಶಾಲೆಗಳಿವೆ. ಊರಿನವರೆಲ್ಲ ಅವುಗಳ ಬಗ್ಗೆ ಕೇಳುತ್ತಾರೆ. ಆ ಪರೀಕ್ಷೆ ನಡೆಯುವುದು ಇಯರ್ 6ರ ಆರಂಭದಲ್ಲಿ. ನಾವು ಬರುವ ಹೊತ್ತಿಗೆ ಅದು ಮುಗಿದು ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ಬಾಡಿಗೆ ಕರಾರು ಕೈಗೆ ಬರುವವರೆಗೆ ನಮ್ಮ ಅರ್ಜಿ ಮುಂದೆ ಹೋಗಲೂ ಇಲ್ಲ. ಒಂಬತ್ತು ಹತ್ತು ವರ್ಷದ ಮಗು ಇರುವವರು ಸಾಧ್ಯವಾದರೆ ಒಂದು ವರ್ಷ ಮೊದಲೇ ಬನ್ನಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಇನ್ನೊಂದು ಮಾತು: ಇಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ದುಬಾರಿ ಖಾಸಗಿ ಶಾಲೆ. ಖಾಸಗಿ ಶಾಲೆಗಳ ಶುಲ್ಕಕ್ಕೆ 2025ರ ಜನವರಿಯಿಂದ ಶೇ. 20ರಷ್ಟು ವ್ಯಾಟ್ ಸೇರಿದೆ. ಅಮೆರಿಕದ ಪಠ್ಯಕ್ರಮವೇ ಬೇಕೆನ್ನುವವರಿಗೆ ಲಂಡನ್ನಿನ ಸೇಂಟ್ ಜಾನ್ಸ್ ವುಡ್‌ನಲ್ಲಿ ಅಮೆರಿಕನ್ ಸ್ಕೂಲ್ ಇದೆ, ಅದೂ ಖಾಸಗಿಯೇ.

ಶಾಲೆಯ ದಿನಗಳಲ್ಲಿ ಪ್ರವಾಸ ಹೋದರೆ ದಂಡ ಬೀಳುತ್ತದೆ: ಪ್ರತಿ ಪೋಷಕರಿಗೆ, ಪ್ರತಿ ಮಗುವಿಗೆ 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160. ಊರಿನ ಮದುವೆ, ಗೃಹಪ್ರವೇಶಗಳಿಗೆ ಮಕ್ಕಳನ್ನು ಕರೆದೊಯ್ಯುವ ರೂಢಿಯುಳ್ಳವರು ಇದನ್ನು ಗಮನಿಸಿ.

ಮಕ್ಕಳ ಮನಸ್ಸಿಗೆ ಏನಾಗುತ್ತದೆ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದದ್ದು ಇದನ್ನೇ. ನ್ಯೂಜೆರ್ಸಿಯ ಶಾಲೆಯಲ್ಲಿ ನಮ್ಮ ಮಗಳು ಪ್ರತಿದಿನ ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟು ಬಾವುಟಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುತ್ತಿದ್ದಳು. ಇಲ್ಲಿಯ ಶಾಲೆಯ ಮೊದಲ ಬೆಳಿಗ್ಗೆ ಹಾಜರಿ ಕರೆಯುವಾಗ ಎಲ್ಲರ ಜೊತೆ ಎದ್ದು ನಿಂತವಳ ಬಲಗೈ ತಾನಾಗಿಯೇ ಎದೆಯ ಮೇಲೆ ಹೋಯಿತಂತೆ. ಅಲ್ಲಿ ಹೊಸ ಟೈ ಇತ್ತು. ಟೈ ಸರಿಪಡಿಸಿಕೊಂಡಂತೆ ಮಾಡಿ ಕೈ ಇಳಿಸಿದಳಂತೆ. ಇದನ್ನು ಅವಳು ನನಗೆ ಹೇಳಿದ್ದು ನಾಲ್ಕು ತಿಂಗಳ ನಂತರ.

ನವೆಂಬರ್‌ನ ನಾಲ್ಕನೇ ಗುರುವಾರ ಇಲ್ಲಿ ಶಾಲೆ, ಕಚೇರಿ ಎಂದಿನಂತೆ ನಡೆಯುತ್ತವೆ. ಅಂದು ಅಮೆರಿಕದಲ್ಲಿ ನಡೆಯುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಎಂದರೆ ಮಕ್ಕಳಿಗೆ ಗೆಳೆಯರು, ನಾಲ್ಕು ದಿನದ ರಜೆ, ಅಡುಗೆಮನೆಯ ಗದ್ದಲ. ಮೊದಲ ವರ್ಷ ನಾವು ಅದನ್ನು ಮರೆತೇಬಿಟ್ಟೆವು, ಮಕ್ಕಳು ಮರೆತಿರಲಿಲ್ಲ. ಎರಡನೇ ವರ್ಷದಿಂದ ಆ ವಾರದ ಶನಿವಾರ ಮನೆಯಲ್ಲಿ ಕುಂಬಳಕಾಯಿ ಪೈ ಮತ್ತು ಬಿಸಿಬೇಳೆಬಾತ್ ಎರಡನ್ನೂ ಮಾಡಿ ಶಾಲೆಯ ಗೆಳೆಯರನ್ನು ಕರೆಯುತ್ತೇವೆ. ಯುಗಾದಿ, ದೀಪಾವಳಿಗಳನ್ನು ಬಿಡದೆ ಆಚರಿಸುವ ನಾವು, ಮಕ್ಕಳ ತಾಯ್ನಾಡು ಅಮೆರಿಕ ಎಂಬುದನ್ನು ಒಪ್ಪಿಕೊಂಡು ಅದರ ಹಬ್ಬಕ್ಕೂ ಮನೆಯಲ್ಲಿ ಜಾಗ ಕೊಡಬೇಕು. ಮಗನಿಗೆ ಮಾತ್ರ ಒಂದು ಸಂತೋಷ ಸಿಕ್ಕಿತು. ಇಂಗ್ಲಿಷ್‌ನ ಕೊನೆಯ ಅಕ್ಷರವನ್ನು ನಾನು ಮೈಸೂರಿನಲ್ಲಿ ಕಲಿತಂತೆ ಝೆಡ್ ಎಂದಾಗಲೆಲ್ಲ ಅವನು ಝೀ ಎಂದು ತಿದ್ದುತ್ತಿದ್ದ. ಇಲ್ಲಿಯ ಟೀಚರೂ ಝೆಡ್ ಎನ್ನುವುದನ್ನು ಕೇಳಿ ಮನೆಗೆ ಓಡಿ ಬಂದು, ಅಮ್ಮ, ನೀನು ಹೇಳುತ್ತಿದ್ದುದು ಸರಿಯಾಗಿತ್ತು ಎಂದ.

ಮಗ ಅಥವಾ ಮಗಳಿಗೆ ಹದಿನಾರು ಆಗಿದೆ. ವಿಶ್ವವಿದ್ಯಾಲಯದ ಶುಲ್ಕ ಹೇಗೆ?

ಇಂಗ್ಲೆಂಡಿನಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಪದವಿ ಶುಲ್ಕಕ್ಕೆ 2025–26ರಲ್ಲಿ ವರ್ಷಕ್ಕೆ 9,535 ಪೌಂಡ್ ಮಿತಿಯಿತ್ತು, ವಿದೇಶಿ ವಿದ್ಯಾರ್ಥಿಗಳಿಗೆ ಅಂಥ ಮಿತಿಯಿಲ್ಲ. ಇಲ್ಲಿ ವಾಸವಿದ್ದು ತೆರಿಗೆ ಕಟ್ಟುತ್ತಿದ್ದರೂ ಸಾಲದು. ಸಾಮಾನ್ಯವಾಗಿ ಕೋರ್ಸ್ ಆರಂಭದ ದಿನಕ್ಕೆ ವಿದ್ಯಾರ್ಥಿಗೆ ಕಾಯಂ ವಾಸದ ಹಕ್ಕು ಸಿಕ್ಕಿರಬೇಕು ಮತ್ತು ಅದಕ್ಕೂ ಹಿಂದಿನ ಮೂರು ವರ್ಷ ಇಲ್ಲಿ ನೆಲೆಸಿರಬೇಕು. ಕೆಲಸದ ವೀಸಾ ಮೇಲೆ ಬರುವ ಕುಟುಂಬದ ಹದಿನಾರರ ಮಗುವಿಗೆ ಹದಿನೆಂಟಕ್ಕೆ ಇದು ಸಿಗುವುದು ಕಷ್ಟ. ಅಂಥವರು ಅಮೆರಿಕದಲ್ಲೇ ಹೈಸ್ಕೂಲ್ ಮುಗಿಸಿ, ಅಲ್ಲಿಯ ತಮ್ಮ ರಾಜ್ಯದ ವಿಶ್ವವಿದ್ಯಾಲಯವನ್ನು ಸೇರುವುದು ಲಾಭವೇ ಎಂದು ಲೆಕ್ಕ ಹಾಕಿ ನೋಡಿ.

ಎನ್‌ಎಚ್‌ಎಸ್ ನಂಬಬಹುದೇ?

1948ರ ಜುಲೈ 5ರಂದು ಆರಂಭವಾದ ಈ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಬಗ್ಗೆ ನನಗೆ ಕೃತಜ್ಞತೆಯೂ ಇದೆ, ದೂರೂ ಇದೆ. ಬಂದ ವಾರವೇ ಹತ್ತಿರದ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಿ. ನಮ್ಮ ಮಗನಿಗೆ ಒಂದು ರಾತ್ರಿ ಜ್ವರ ವಿಪರೀತ ಏರಿದಾಗ ವೈದ್ಯಕೀಯ ಸಹಾಯವಾಣಿ 111ಕ್ಕೆ ಕರೆ ಮಾಡಿದೆವು. ಪ್ರಶ್ನೆಗಳನ್ನು ಕೇಳಿ, ರಾತ್ರಿ ಪಾಳಿಯ ವೈದ್ಯರ ಬಳಿ ಸಮಯ ಕೊಟ್ಟರು. ವೈದ್ಯರು ನೋಡಿ ಔಷಧ ಬರೆದರು. ಇಂಗ್ಲೆಂಡಿನಲ್ಲಿ ದೊಡ್ಡವರಿಗೆ ಚೀಟಿಯ ಪ್ರತಿ ಔಷಧಕ್ಕೆ 9.90 ಪೌಂಡ್, ಹದಿನಾರರೊಳಗಿನ ಮಕ್ಕಳಿಗೆ ಉಚಿತ. ಅಮೆರಿಕದ ಅಭ್ಯಾಸಬಲದಿಂದ ನಾನು ಮೂರು ವಾರ ಅಂಚೆಯಲ್ಲಿ ಬಿಲ್ ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ.

ಆದರೆ ತುರ್ತಲ್ಲದ ತೊಂದರೆಗೆ ತಜ್ಞರನ್ನು ಕಾಣುವುದು ಬೇರೆ ಮಾತು. ಜಿಪಿ ಶಿಫಾರಸಾದ 18 ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬುದು ಗುರಿ; ಮಗಳ ಮಂಡಿ ನೋವಿಗೆ ಒಂದು ಆಸ್ಪತ್ರೆಯಲ್ಲಿ ನಾವು ಎಂಟು ತಿಂಗಳು ಕಾದೆವು. ದಂತವೈದ್ಯರಂತೂ ಎನ್‌ಎಚ್‌ಎಸ್ ದರದಲ್ಲಿ ಸಿಗುವುದು ಅಪರೂಪ, ಹಲ್ಲಿನ ಕೆಲಸಗಳನ್ನು ಅಮೆರಿಕದ ವಿಮೆ ಇರುವಾಗಲೇ ಮುಗಿಸಿಕೊಳ್ಳಿ.

ಅಮೆರಿಕದ ಲೈಸೆನ್ಸ್ ನಡೆಯುತ್ತದೆಯೇ?

ಹನ್ನೆರಡು ತಿಂಗಳು ಮಾತ್ರ. ಬದಲಾಯಿಸಿಕೊಡುವ ಒಪ್ಪಂದ ಅಮೆರಿಕದ ಜೊತೆ ಇಲ್ಲ, ಆದ್ದರಿಂದ ಇಪ್ಪತ್ತು ವರ್ಷ ಓಡಿಸಿದವರೂ ಕಲಿಕಾ ಲೈಸೆನ್ಸ್, ಥಿಯರಿ, ರಸ್ತೆ ಪರೀಕ್ಷೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಪರೀಕ್ಷೆಯ ದಿನಾಂಕ ಸಿಗಲು ತಿಂಗಳುಗಳೇ ಬೇಕಾಗುವುದರಿಂದ ಬಂದ ಕೂಡಲೇ ಆರಂಭಿಸಿ. ಆಟೋಮ್ಯಾಟಿಕ್ ಕಾರಿನಲ್ಲಿ ಉತ್ತೀರ್ಣರಾದರೆ ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು. ಕೆಂಪು ದೀಪದಲ್ಲಿ ತಿರುಗುವ ಅಮೆರಿಕದ ರೂಢಿಯನ್ನು ಪೂರ್ತಿ ಮರೆಯಿರಿ, ಮತ್ತು ರೌಂಡ್‌ಅಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ.

ತೆರಿಗೆ ಎರಡೂ ಕಡೆ ಕಟ್ಟಬೇಕೇ?

ವಿವರ ಎರಡೂ ಕಡೆ ಕೊಡಬೇಕು, ಕಟ್ಟುವುದು ಸಾಮಾನ್ಯವಾಗಿ ಒಂದು ಕಡೆ. ಅಮೆರಿಕದ ಪ್ರಜೆ ಎಲ್ಲಿದ್ದರೂ ಪ್ರತಿ ವರ್ಷ 1040 ಎಂಬ ತೆರಿಗೆ ವಿವರದ ನಮೂನೆ ಸಲ್ಲಿಸಬೇಕು. ಹೊರಗಿರುವವರಿಗೆ ಜೂನ್ 15ರವರೆಗೆ ಸಮಯವಿದೆ. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಸಿಗುವುದರಿಂದ ಸಂಬಳದ ಮೇಲೆ ಹೆಚ್ಚಿನವರಿಗೆ ಬಾಕಿ ಉಳಿಯುವುದಿಲ್ಲ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಇದರಲ್ಲಿ ಬ್ರಿಟನ್ನಿನ ಖಾತೆಯಷ್ಟೇ ಅಲ್ಲ, ಊರಿನ ಬ್ಯಾಂಕಿನ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳೂ ಸೇರುತ್ತವೆ. ಸಹೋದ್ಯೋಗಿಗಳು ಹೊಗಳುವ ಐಎಸ್‌ಎ ಉಳಿತಾಯ ಇಲ್ಲಿ ತೆರಿಗೆಮುಕ್ತ, ಅಮೆರಿಕದ ಕಣ್ಣಿಗೆ ಅಲ್ಲ. ಅದರೊಳಗೆ ಮ್ಯೂಚುವಲ್ ಫಂಡ್ ಕೊಂಡರೆ ಇನ್ನೂ ತೊಡಕು.

ಇಲ್ಲಿಯ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಆರಂಭವಾಗುತ್ತದೆ. ಏಕೆ ಆರು ಎಂದು ನನಗೆ ಬಹಳ ದಿನ ಕುತೂಹಲವಿತ್ತು. ಹಿಂದೆ ಲೆಕ್ಕದ ವರ್ಷ ಮಾರ್ಚ್ 25ರ ಸುತ್ತ ತಿರುಗುತ್ತಿತ್ತು. 1752ರಲ್ಲಿ ಪಂಚಾಂಗ ಬದಲಾಯಿಸಿ ಹನ್ನೊಂದು ದಿನ ಕೈಬಿಟ್ಟಾಗ, ತೆರಿಗೆಯ ವರ್ಷ ಕುಗ್ಗದಂತೆ ದಿನಾಂಕವನ್ನು ಮುಂದಕ್ಕೆ ತಳ್ಳಿದರು.

ಸಂಬಳ ಕಡಿಮೆಯಂತೆ, ನಿಜವೇ?

ನಿಜ. ಸಾಫ್ಟ್‌ವೇರ್‌ನವರಿಗೆ ಇಳಿಕೆ ಎದ್ದು ಕಾಣುತ್ತದೆ. ಅದರ ಜೊತೆಗೆ ಬ್ಯಾಂಕ್ ರಜೆಗಳೂ ಸೇರಿ ವರ್ಷಕ್ಕೆ ಕನಿಷ್ಠ 28 ದಿನದ ಸಂಬಳ ಸಹಿತ ರಜೆ ಕಾನೂನಿನ ಹಕ್ಕು ಎಂಬುದನ್ನೂ, ತಿಂಗಳ ಆರೋಗ್ಯ ವಿಮೆಯ ಕಂತು ಇಲ್ಲವೆಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಯಾವಾಗಲೂ ಮಳೆಯೇ?

ಮಳೆಗಿಂತ ಕತ್ತಲೆ ಕಾಡುತ್ತದೆ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ನ್ಯೂಯಾರ್ಕ್‌ನ ಅರ್ಧದಷ್ಟು. ಸುರಿಯುವುದಿಲ್ಲ, ಜಿನುಗುತ್ತಲೇ ಇರುತ್ತದೆ. ಡಿಸೆಂಬರ್‌ನಲ್ಲಿ ಮಾತ್ರ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿ, ಮಕ್ಕಳು ಶಾಲೆಯಿಂದ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ ದೀಪ ಹಚ್ಚಬೇಕಾಗುತ್ತದೆ. ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂದು ಎನ್‌ಎಚ್‌ಎಸ್ ಸಲಹೆ ನೀಡುತ್ತದೆ, ಅದನ್ನು ಪಾಲಿಸಿ.

ಕನ್ನಡದ ವಾತಾವರಣ ಸಿಗುತ್ತದೆಯೇ?

ನ್ಯೂಜೆರ್ಸಿಯಷ್ಟು ದಟ್ಟವಾಗಿ ಇಲ್ಲ, ಆದರೆ ಇದೆ. ಕನ್ನಡ ಬಳಗ ಯುಕೆ ಮತ್ತು ಕನ್ನಡಿಗರು ಯುಕೆ ಸಂಘಟನೆಗಳ ಕಾರ್ಯಕ್ರಮಗಳಿಗೆ ಹೋಗಿ. ಲಂಡನ್ನಿನಲ್ಲಿ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಮಕ್ಕಳನ್ನು ಕರೆದೊಯ್ದು ತೋರಿಸಿ. ಈಸ್ಟ್ ಹ್ಯಾಮ್‌ನ ಅಂಗಡಿಗಳಲ್ಲಿ ಕರಿಬೇವು, ರಾಗಿ ಹಿಟ್ಟು ಸಿಗುತ್ತವೆ, ಮೇ ತಿಂಗಳಲ್ಲಿ ಮಾವು ಪೆಟ್ಟಿಗೆಗಟ್ಟಲೆ ಬರುತ್ತದೆ. ಇಲ್ಲಿಯವರು ಪಟಾಕಿ ಹೊಡೆಯುವ ನವೆಂಬರ್ 5ರ ಬಾನ್‌ಫೈರ್ ರಾತ್ರಿಯ ಆಸುಪಾಸಿನಲ್ಲೇ ದೀಪಾವಳಿ ಬರುವುದರಿಂದ ಪಟಾಕಿಯ ಸದ್ದಿಗೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ವೋಟು ಹಾಕಬಹುದೇ?

ಅಮೆರಿಕದ ಪ್ರಜೆಗಳು ಇಲ್ಲಿಯ ಸಂಸತ್ತಿನ ಚುನಾವಣೆಯಲ್ಲಿ ಹಾಕುವಂತಿಲ್ಲ. ತಮ್ಮ ದೇಶದ ಚುನಾವಣೆಗೆ ಅಂಚೆ ಮತಪತ್ರ ತರಿಸಿಕೊಳ್ಳಬಹುದು. ಆದರೆ ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಭಾರತದ ಪಾಸ್‌ಪೋರ್ಟ್ ಹೊಂದಿ ಕಾನೂನುಬದ್ಧವಾಗಿ ಇಲ್ಲಿ ವಾಸವಿರುವ ವಯಸ್ಕರು ಬಂದ ವರ್ಷದಲ್ಲೇ ಮತದಾರರ ಪಟ್ಟಿಗೆ ಸೇರಬಹುದು. ಅಮೆರಿಕದಲ್ಲಿ ಹನ್ನೆರಡು ವರ್ಷವಿದ್ದರೂ ನಾನು ಒಮ್ಮೆಯೂ ಮತ ಹಾಕಿರಲಿಲ್ಲ. ಇಲ್ಲಿಗೆ ಬಂದ ಹನ್ನೊಂದು ತಿಂಗಳಿಗೆ ಸಾರ್ವತ್ರಿಕ ಚುನಾವಣೆ ಬಂತು, ಅದೂ ಅಮೆರಿಕದ ಸ್ವಾತಂತ್ರ್ಯ ದಿನವಾದ 2024ರ ಜುಲೈ 4ರಂದು. ಮಕ್ಕಳಿಬ್ಬರೂ ಬೆಳಿಗ್ಗೆ ಅಮೆರಿಕದ ಬಾವುಟದ ಬಣ್ಣದ ಟೀ ಶರ್ಟ್ ಕೇಳಿದ್ದರು. ಸಮವಸ್ತ್ರದ ದಿನವಾದ್ದರಿಂದ ಸಂಜೆ ತೊಟ್ಟುಕೊಂಡು ನನ್ನ ಜೊತೆ ಮತಗಟ್ಟೆಗೆ ಬಂದರು. ಗುರುತಿಗೆ ಭಾರತದ ಪಾಸ್‌ಪೋರ್ಟನ್ನೇ ತೋರಿಸಿದೆ. ಪತಿ ಹೊರಗೆ ನಿಂತು ಮಕ್ಕಳ ಕೈ ಹಿಡಿದುಕೊಂಡಿದ್ದರು, ನಾನು ಒಳಗೆ ಹೋಗಿ ದಾರ ಕಟ್ಟಿದ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಬಂದೆ.